ಜಯ, ಜಯಂತರಿಂದ ಸಿಐಡಿ 999ರವರೆಗೆ

ಬನ್ನಿಮರದಲ್ಲಿ ಆಯುಧಗಳನ್ನು ಬಚ್ಚಿಟ್ಟು ವಿರಾಟನ ಪಟ್ಟಣವನ್ನು ಹೊಗುವಾಗ ಪಾಂಡವರು ಇಟ್ಟುಕೊಂಡದ್ದು ಒಂದೊಂದು ಹೆಸರಲ್ಲ, ಎರಡೆರಡು. ಮೊದಲನೆಯದು ಎಲ್ಲರಿಗೂ ಗೊತ್ತಿರುವಂಥದು. ಧರ್ಮರಾಯ ಕಂಕಭಟ್ಟನಾದ, ಭೀಮ ಅಡುಗೆಮನೆಯ ವಲಲನಾದ, ಅರ್ಜುನ ಬೃಹನ್ನಳೆಯಾದ, ನಕುಲ ಸಹದೇವರು ಕುದುರೆಲಾಯಕ್ಕೂ ದನದ ಹಟ್ಟಿಗೂ ಸೇರಿಕೊಂಡರು, ದ್ರೌಪದಿ ಸೈರಂಧ್ರಿಯಾದಳು. ಗಮಕಿಗಳ ಬಾಯಲ್ಲಿ, ಯಕ್ಷಗಾನದ ರಂಗದ ಮೇಲೆ ಈ ಹೆಸರುಗಳು ಇಂದಿಗೂ ಓಡಾಡುತ್ತಿವೆ. ಎರಡನೆಯ ಸಾಲಿನ ಹೆಸರುಗಳು ಅಷ್ಟಾಗಿ ಬಳಕೆಯಲ್ಲಿಲ್ಲ. ವ್ಯಾಸಭಾರತದ ವಿರಾಟಪರ್ವದಲ್ಲಿ ಯುಧಿಷ್ಠಿರ ತಮ್ಮ ಐವರಿಗೂ ಜಯ, ಜಯಂತ, ವಿಜಯ, ಜಯತ್ಸೇನ, ಜಯದ್ಬಲ ಎಂಬ ಗುಟ್ಟಿನ ಹೆಸರುಗಳನ್ನು ಇಡುತ್ತಾನೆ. ಇವು ಊರಿನವರಿಗೆ ಹೇಳಿಕೊಳ್ಳುವುದಕ್ಕಲ್ಲ, ತಮ್ಮತಮ್ಮಲ್ಲಿ ಕರೆದುಕೊಳ್ಳುವುದಕ್ಕೆ.

ಕೀಚಕನ ವಧೆಯ ಬಳಿಕ ಈ ಎರಡನೆಯ ಹೆಸರುಗಳು ಕೆಲಸಕ್ಕೆ ಬರುತ್ತವೆ. ಉಪಕೀಚಕರು ಸೈರಂಧ್ರಿಯನ್ನು ಹಿಡಿದು, ಹೆಣದ ಜೊತೆ ಸುಡಲೆಂದು ಮಸಣಕ್ಕೆ ಹೊತ್ತೊಯ್ಯುತ್ತಾರೆ. ಆಗ ಆಕೆ ಗಂಡಂದಿರ ನಿಜವಾದ ಹೆಸರು ಕೂಗಿದರೆ ಅಜ್ಞಾತವಾಸ ಮುರಿದುಬೀಳುತ್ತದೆ. ವಲಲನೆಂದು ಕೂಗಿದರೆ ಅರಮನೆಯ ಅಡುಗೆಯವನಿಗೂ ಈಕೆಗೂ ಏನು ನಂಟು ಎಂಬ ಪ್ರಶ್ನೆ ಏಳುತ್ತದೆ. ಆಕೆ ಕೂಗುವುದು ಜಯ, ಜಯಂತ ಮೊದಲಾದ ಐದು ಹೆಸರುಗಳನ್ನು. ಹೊತ್ತೊಯ್ಯುವವರಿಗೆ ಅದು ಯಾರೋ ಗಂಧರ್ವರನ್ನು ಕರೆದಂತೆ ಕೇಳಿಸುತ್ತದೆ. ಕೇಳಬೇಕಾದವನಿಗೆ ಮಾತ್ರ ಅರ್ಥವಾಗುತ್ತದೆ. ಭೀಮ ಗೋಡೆ ಹಾರಿ, ಮರ ಕಿತ್ತುಕೊಂಡು ಮಸಣದತ್ತ ಓಡುತ್ತಾನೆ.

ಬೇಹುಗಾರಿಕೆಯ ಕಥೆಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಎರಡು ಬಗೆಯ ಹೆಸರುಗಳು ಇಲ್ಲಿ ಸ್ಪಷ್ಟವಾಗಿ ಬೇರೆಯಾಗಿವೆ. ಕಂಕ, ವಲಲ ಎಂಬಂಥವು ಸೋಗಿನ ಹೆಸರುಗಳು. ಶತ್ರುವಿನ ಊರಿನಲ್ಲಿ ಬದುಕುವುದಕ್ಕೆ, ಕೆಲಸ ಕೇಳುವುದಕ್ಕೆ, ನೆರೆಯವರಿಗೆ ಪರಿಚಯ ಹೇಳುವುದಕ್ಕೆ ಅವು ಬೇಕು. ಆದ್ದರಿಂದ ಅವು ನಿಜದ ಹೆಸರಿನಂತೆಯೇ ಇರಬೇಕು. ಜಯ, ಜಯಂತ ಎಂಬಂಥವು ಗುಪ್ತನಾಮಗಳು. ಅವು ಕಳುಹಿಸಿದವರಿಗೂ ಹೋದವರಿಗೂ ನಡುವೆ ಮಾತ್ರ ಇರುವಂಥವು. ಪರರ ಕೈಗೆ ಸಿಕ್ಕರೂ ಅವರಿಗೆ ಏನೂ ತಿಳಿಯಬಾರದು. ಜೊತೆಗೆ ಕಥೆಯಲ್ಲಿ ಮಾತ್ರ ಇರುವ ಮೂರನೆಯವನೊಬ್ಬನಿದ್ದಾನೆ, ಅವನು ಓದುಗ. ಪಾತ್ರಗಳಿಗೆ ಗೊತ್ತಿಲ್ಲದ್ದು ಅವನಿಗೆ ಗೊತ್ತು. ಹಾಗಾಗಿ ಕಾದಂಬರಿಯ, ಸಿನಿಮಾದ ಗುಪ್ತನಾಮ ಒಳಗಿನವರಿಂದ ಮರೆಮಾಚುತ್ತಲೇ ಹೊರಗಿನ ಓದುಗನಿಗೆ ಏನನ್ನೋ ಹೇಳಲೇಬೇಕಾಗುತ್ತದೆ. ನಿಜವಾದ ಬೇಹುಗಾರನ ಹೆಸರಿಗೆ ಅಂಥ ಹೊಣೆ ಇಲ್ಲ, ಅದು ಮೌನವಾಗಿದ್ದಷ್ಟೂ ಒಳ್ಳೆಯದು. ಕಥೆಗೂ ನಿಜಕ್ಕೂ ಇರುವ ಈ ವ್ಯತ್ಯಾಸವನ್ನು ಹಿಡಿದರೆ ವಲಲನಿಂದ ಜೇಮ್ಸ್ ಬಾಂಡ್‌ವರೆಗಿನ ಹೆಸರುಗಳ ಹಿಂದಿನ ತರ್ಕ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಬೇಹುಗಾರಿಕೆಯ ಶಾಸ್ತ್ರ ಬರೆದ ಗ್ರಂಥ ಮತ್ತೆ ಬೆಳಕು ಕಂಡದ್ದು ಮೈಸೂರಿನಲ್ಲಿ. ಅಲ್ಲಿನ ಓರಿಯೆಂಟಲ್ ಲೈಬ್ರರಿಗೆ ಬಂದ ತಾಳೆಗರಿಗಳ ನಡುವೆ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದವರು ಆರ್. ಶಾಮಾಶಾಸ್ತ್ರಿಗಳು. 1905ರಲ್ಲಿ ಸಿಕ್ಕ ಗ್ರಂಥ 1909ರಲ್ಲಿ ಅಚ್ಚಾಯಿತು. ಸನ್ಯಾಸಿ, ಗೃಹಸ್ಥ, ವ್ಯಾಪಾರಿ, ತಪಸ್ವಿ, ಭಿಕ್ಷುಕಿ ಎಂದು ಬೇಹುಗಾರರು ಹಾಕಬೇಕಾದ ವೇಷಗಳನ್ನು ಕೌಟಿಲ್ಯ ವಿಂಗಡಿಸುತ್ತಾನೆ. ಸುದ್ದಿಯನ್ನು ಸಂಕೇತಲಿಪಿಯಲ್ಲಿ ಸಾಗಿಸಬೇಕು, ಒಂದು ಗುಂಪಿನ ಚಾರರು ಇನ್ನೊಂದು ಗುಂಪಿನವರನ್ನು ಅರಿತಿರಬಾರದು ಎಂದೂ ವಿಧಿಸುತ್ತಾನೆ. ಒಬ್ಬ ಸಿಕ್ಕಿಬಿದ್ದರೆ ಉಳಿದವರ ಹೆಸರು ಹೇಳಲು ಅವನಿಗೆ ಗೊತ್ತೇ ಇರಬಾರದು ಎಂಬುದು ಇದರ ಹಿಂದಿನ ಲೆಕ್ಕ. ಇಪ್ಪತ್ತನೆಯ ಶತಮಾನದ ಗುಪ್ತಚರ ಸಂಸ್ಥೆಗಳೂ ಇದೇ ನಿಯಮವನ್ನು ಪಾಲಿಸಿದವು.

ಕೌಟಿಲ್ಯನನ್ನೇ ಪಾತ್ರವಾಗಿಸಿದ ವಿಶಾಖದತ್ತನ ಮುದ್ರಾರಾಕ್ಷಸ ಭಾರತೀಯ ಸಾಹಿತ್ಯದ ಮೊದಲ ದೊಡ್ಡ ಬೇಹುಗಾರಿಕೆಯ ಕಥೆ. ಈ ವಸ್ತುವನ್ನು ಕೆಂಪುನಾರಾಯಣ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1823ರಲ್ಲಿ, ಮುದ್ರಾಮಂಜೂಷವೆಂಬ ಗದ್ಯಕೃತಿಯಾಗಿ ಕನ್ನಡಕ್ಕೆ ತಂದ. ನಾಟಕದಲ್ಲಿ ಚಾಣಕ್ಯನ ಸಹಪಾಠಿ ಇಂದುಶರ್ಮ, ಜೀವಸಿದ್ಧಿ ಎಂಬ ಹೆಸರಿನ ಕ್ಷಪಣಕನಾಗಿ ಶತ್ರುಪಕ್ಷದ ಅಮಾತ್ಯ ರಾಕ್ಷಸನ ಗೆಳೆತನ ಸಂಪಾದಿಸುತ್ತಾನೆ. ತನ್ನ ಆಪ್ತನೇ ಚಾಣಕ್ಯನ ಮನುಷ್ಯನೆಂದು ರಾಕ್ಷಸನಿಗೆ ತಿಳಿಯುವ ಹೊತ್ತಿಗೆ ಆಟ ಮುಗಿದಿರುತ್ತದೆ. ಇನ್ನೊಂದು ದೃಶ್ಯ ಇದಕ್ಕಿಂತ ಸೂಕ್ಷ್ಮವಾದದ್ದು. ರಾಕ್ಷಸನ ಬೇಹುಗಾರ ವಿರಾಧಗುಪ್ತ ಹಾವಾಡಿಗನ ವೇಷದಲ್ಲಿ, ಜೀರ್ಣವಿಷನೆಂಬ ಹೆಸರಿನಲ್ಲಿ ಬರುತ್ತಾನೆ. ಅವನನ್ನು ಕಂಡ ಸಂತೋಷದಲ್ಲಿ ಅಮಾತ್ಯನ ಬಾಯಿಂದ ನಿಜದ ಹೆಸರಿನ ಮೊದಲರ್ಧ ಹೊರಬಿದ್ದೇಬಿಡುತ್ತದೆ. ಪಕ್ಕದಲ್ಲಿ ಸೇವಕನಿದ್ದಾನೆ. ಕೂಡಲೇ ಎಚ್ಚೆತ್ತು, ಆಡಿದ ಅರ್ಧವನ್ನೇ ಹಾವಾಡಿಗನ ಬೆಳೆದ ಗಡ್ಡದ ಕುರಿತ ಮಾತಾಗಿ ತಿರುಗಿಸಿಬಿಡುತ್ತಾನೆ. ಬಾಯಿಜಾರಿದ ಒಂದು ಹೆಸರು ಒಂದು ಜೀವವನ್ನು ತೆಗೆಯಬಲ್ಲದು ಎಂಬುದನ್ನು ಇಷ್ಟು ಕಡಿಮೆ ಮಾತಿನಲ್ಲಿ ತೋರಿಸಿದ ದೃಶ್ಯ ಈಚಿನ ಕಾದಂಬರಿಗಳಲ್ಲೂ ಅಪರೂಪ.

ಹೆಸರಿನ ಜಾಗಕ್ಕೆ ಅಕ್ಷರ ಮತ್ತು ಅಂಕಿ ಬಂದದ್ದು ಕಚೇರಿಯ ಕಡತಗಳಿಂದ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಟಿಬೆಟ್ಟಿನ ಗಡಿ ಪರದೇಶದವರಿಗೆ ಮುಚ್ಚಿತ್ತು. ಭೂಪಟ ಬೇಕಿದ್ದ ಸರ್ವೆ ಆಫ್ ಇಂಡಿಯಾ ಹಿಮಾಲಯದ ಹಳ್ಳಿಗಳ ಓದುಬರಹ ಬಲ್ಲ ಯುವಕರನ್ನು ಆರಿಸಿ, ಡೆಹ್ರಾಡೂನ್‌ನಲ್ಲಿ ತರಬೇತಿ ಕೊಟ್ಟು, ಯಾತ್ರಿಕರ, ವ್ಯಾಪಾರಿಗಳ ವೇಷದಲ್ಲಿ ಕಳುಹಿಸಿತು. ‘ಪಂಡಿತ’ರೆಂದು ಕರೆಸಿಕೊಂಡ ಇವರಲ್ಲಿ ಮೊದಲಿಗ ನೈನ್ ಸಿಂಗ್ ರಾವತ್. ಒಂದೊಂದು ಹೆಜ್ಜೆಯೂ ಒಂದೇ ಅಳತೆಯಲ್ಲಿ ಬೀಳುವಂತೆ ಅವನನ್ನು ಪಳಗಿಸಿದ್ದರು. ಕೈಯಲ್ಲಿದ್ದ ಜಪಮಾಲೆಯಲ್ಲಿ ಸಂಪ್ರದಾಯದ 108 ಮಣಿಗಳಿರಲಿಲ್ಲ, 100 ಇದ್ದವು. ನೂರು ಹೆಜ್ಜೆಗೊಂದು ಮಣಿ ಸರಿಸಿದರೆ ಒಂದು ಸುತ್ತು ಮುಗಿಯುವಾಗ ಹತ್ತು ಸಾವಿರ ಹೆಜ್ಜೆಯಾಗುತ್ತಿತ್ತು. ಪ್ರಾರ್ಥನಾಚಕ್ರದೊಳಗೆ ಮಂತ್ರದ ಸುರುಳಿಯ ಬದಲು ಅಳತೆ ಬರೆದ ಚೀಟಿಗಳಿದ್ದವು. 1865–66ರಲ್ಲಿ ಹೀಗೆ ಲಾಸಾದವರೆಗೆ ಹೋಗಿ ಬಂದ ಈತನ ಹೆಸರು ಇಲಾಖೆಯ ವರದಿಗಳಲ್ಲಿ ಇರಲಿಲ್ಲ. ಅಲ್ಲಿದ್ದದ್ದು ಬರಿಯ ‘ಪಂಡಿತ’, ಇಲ್ಲವೇ ‘ನಂಬರ್ 1’. ಕಿಶನ್ ಸಿಂಗ್ ‘ಎ.ಕೆ.’ ಆದ, ಹರಿರಾಮ್ ‘ಎಂ.ಎಚ್.’ ಆದ. ಇಂಗ್ಲಿಷಿನಲ್ಲಿ ಬರೆದ ಹೆಸರಿನ ಮೊದಲ ಮತ್ತು ಕೊನೆಯ ಅಕ್ಷರಗಳನ್ನು ಅದಲುಬದಲು ಮಾಡಿದ್ದೇ ಇದರ ಗುಟ್ಟು. ಸಾವಿರಾರು ಮೈಲಿ ನಡೆದು ಏಷ್ಯಾದ ಭೂಪಟವನ್ನು ಕಟ್ಟಿಕೊಟ್ಟ ಈ ಜನರ ಹೆಸರುಗಳು ಲೋಕಕ್ಕೆ ತಡವಾಗಿ ತಲುಪಿದವು. 1877ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ನೈನ್ ಸಿಂಗನಿಗೆ ಚಿನ್ನದ ಪದಕ ಕೊಟ್ಟದ್ದು ಅವನ ನಿಜದ ಹೆಸರಿಗೆ ಸಂದ ಮರ್ಯಾದೆ.

ರಡ್ಯಾರ್ಡ್ ಕಿಪ್ಲಿಂಗ್ ತನ್ನ ‘ಕಿಮ್’ ಕಾದಂಬರಿಗೆ (1901) ಈ ಪದ್ಧತಿಯನ್ನೇ ಎತ್ತಿಕೊಂಡ. ಕುದುರೆ ವ್ಯಾಪಾರಿ ಮಹಬೂಬ್ ಅಲಿ ಸರ್ವೆ ಇಲಾಖೆಯ ಬೀಗ ಹಾಕಿದ ಪುಸ್ತಕದಲ್ಲಿ ಸಿ.25.1ಬಿ. ಬಂಗಾಳಿ ಹುರ್ರೀ ಬಾಬು ಆರ್.17. ಕಾದಂಬರಿಯ ರೋಚಕ ಭಾಗಗಳಲ್ಲೊಂದು ನಡೆಯುವುದು ದೆಹಲಿಯತ್ತ ಸಾಗುವ ರೈಲಿನ ಮೂರನೆಯ ದರ್ಜೆಯ ಡಬ್ಬಿಯಲ್ಲಿ. ಬೆನ್ನಟ್ಟಿ ಬಂದವರಿಂದ ಪೆಟ್ಟು ತಿಂದು ನಡುಗುತ್ತಿರುವ ಇ.23 ಎಂಬ ಬೇಹುಗಾರನನ್ನು ಹುಡುಗ ಕಿಮ್ ಅಲ್ಲಿಯೇ ಬೂದಿ ಬಳಿದು ಸಾಧುವನ್ನಾಗಿ ಮಾಡುತ್ತಾನೆ. ದೆಹಲಿ ಸ್ಟೇಷನ್ನಿನಲ್ಲಿ ಕಾದಿದ್ದವರ ಕಣ್ಣೆದುರಿಗೇ ಆ ಸಾಧು ಇಳಿದುಹೋಗುತ್ತಾನೆ. ಆತನ ಹೆಸರೇನೆಂದು ಕಿಪ್ಲಿಂಗ್ ಕೊನೆಗೂ ಹೇಳುವುದಿಲ್ಲ. ಇಂಗ್ಲಿಷ್ ಕಥಾಸಾಹಿತ್ಯದಲ್ಲಿ ಸಂಖ್ಯೆಯಿಂದಲೇ ಗುರುತಾಗುವ ಗೂಢಚಾರರ ಸಾಲು ಇಲ್ಲಿಂದ ಬೆಳೆಯಿತು.

ಆ ಸಾಲಿನಲ್ಲಿ ಎಲ್ಲರಿಗಿಂತ ಹೆಸರಾದವನು 1953ರ ‘ಕ್ಯಾಸಿನೊ ರಾಯಲ್’ ಕಾದಂಬರಿಯ 007. ಇಯಾನ್ ಫ್ಲೆಮಿಂಗ್ ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ನೌಕಾ ಗುಪ್ತಚರ ವಿಭಾಗದಲ್ಲಿದ್ದವನು. ಅಲ್ಲಿ ಅವನ ಗುರುತು 17ಎಫ್. ಗುಪ್ತಚರ ಮುಖ್ಯಸ್ಥ ಒಂದೇ ಅಕ್ಷರದಿಂದ ಕರೆಸಿಕೊಳ್ಳುವ ವಾಡಿಕೆಯೂ ಕಲ್ಪನೆಯಲ್ಲ. 1909ರಲ್ಲಿ ಬ್ರಿಟನ್ನಿನ ಗುಪ್ತಚರ ಸಂಸ್ಥೆ ಕಟ್ಟಿದ ಮ್ಯಾನ್ಸ್‌ಫೀಲ್ಡ್ ಕಮಿಂಗ್ ಹಸಿರು ಶಾಯಿಯಲ್ಲಿ ‘ಸಿ’ ಎಂದಷ್ಟೇ ಸಹಿ ಹಾಕುತ್ತಿದ್ದ. ಫ್ಲೆಮಿಂಗ್ ಅದನ್ನು ‘ಎಂ’ ಮಾಡಿಕೊಂಡ. ಅವನದೇ ಆದ ಸೇರ್ಪಡೆ ಎಂದರೆ ಎರಡು ಸೊನ್ನೆಗಳಿಗೆ ಕೊಲ್ಲುವ ಪರವಾನಗಿ ಎಂಬ ಅರ್ಥ ಕೊಟ್ಟದ್ದು. ಅಂಕಿ ಅಲ್ಲಿಗೆ ಕಡತದ ಗುರುತಾಗಿ ಉಳಿಯದೆ ನಾಯಕನ ಬಿರುದಾಯಿತು.

1962ರಲ್ಲಿ ಬಾಂಡ್ ಚಿತ್ರ ‘ಡಾ. ನೋ’ ತೆರೆಕಂಡ ಮೇಲೆ ಭಾರತದ ಭಾಷೆಗಳಲ್ಲೆಲ್ಲ ಅಂಕಿ ಹೊತ್ತ ನಾಯಕರು ಹುಟ್ಟಿದರು. ಕನ್ನಡದಲ್ಲಿ ಆ ಅಂಕಿ 999. ದೊರೈ–ಭಗವಾನ್ ಜೋಡಿ ನಿರ್ದೇಶಿಸಿದ ‘ಜೇಡರ ಬಲೆ’ 1968ರಲ್ಲಿ ಬಂತು. ಲೋಹವನ್ನು ಚಿನ್ನವಾಗಿಸುವ ಸೂತ್ರ ಕಂಡುಹಿಡಿದ ವಿಜ್ಞಾನಿಯ ಅಪಹರಣ, ಅದರ ಜಾಡು ಹಿಡಿದು ಹೊರಡುವ ಪ್ರಕಾಶ್ ಎಂಬ ಸಿಐಡಿ 999. ಆ ಪಾತ್ರದಲ್ಲಿ ರಾಜ್‌ಕುಮಾರ್. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, ಬಹುಕಾಲದ ಬಳಿಕ 1978ರಲ್ಲಿ ನೇಪಾಳದಲ್ಲಿ ಚಿತ್ರೀಕರಣಗೊಂಡ ‘ಆಪರೇಷನ್ ಡೈಮಂಡ್ ರಾಕೆಟ್’. ಒಂದೇ ಪಾತ್ರವನ್ನು ಹಿಡಿದು ನಾಲ್ಕು ಚಿತ್ರಗಳು ಬಂದದ್ದು ಆ ಕಾಲದ ಕನ್ನಡಕ್ಕೆ ಹೊಸದು. ಲಕ್ಷ್ಮಿ ಕನ್ನಡಕ್ಕೆ ಬಂದದ್ದು ಗೋವಾದ ಚಿತ್ರದಿಂದ, ರೇಖಾ ಬಂದದ್ದು ಜಾಕ್‌ಪಾಟ್‌ನಿಂದ.

ಈ ಸರಣಿಯ ಸಾಧನೆಯನ್ನು ಬಾಂಡ್‌ನ ಅನುಕರಣೆ ಎಂದಷ್ಟೇ ತಳ್ಳಿಹಾಕುವುದು ಸರಿಯಲ್ಲ. ಬೇಡರ ಕಣ್ಣಪ್ಪ, ಕನಕದಾಸ, ಇಮ್ಮಡಿ ಪುಲಿಕೇಶಿಯಾಗಿ ಕಂಡಿದ್ದ ನಟ ಸೂಟು ತೊಟ್ಟು, ಪಿಸ್ತೂಲು ಹಿಡಿದು ಬಂದಾಗ ಪ್ರೇಕ್ಷಕರು ಅವನನ್ನು ಹೊಸ ಲೋಕದವನೆಂದು ನಂಬಬೇಕಿತ್ತು. ಮೂರು ಅಂಕಿಗಳು ಆ ಕೆಲಸವನ್ನು ಒಂದೇ ಏಟಿಗೆ ಮಾಡಿದವು. ಪ್ರಕಾಶ್ ಎಂಬುದು ಬೆಂಗಳೂರಿನ ಯಾವ ಬೀದಿಯಲ್ಲಾದರೂ ಇರಬಹುದಾದ ಹುಡುಗನ ಹೆಸರು. 999 ಎಂಬುದು ಅವನಿಗೆ ಸರ್ಕಾರ ಕೊಟ್ಟ ಗುರುತು. ಒಂದು ಮನೆಯದು, ಇನ್ನೊಂದು ದೇಶದ್ದು. ಎರಡೂ ಸೇರಿದಾಗ ಕನ್ನಡಿಗನೊಬ್ಬ ದೇಶದ ಗುಟ್ಟನ್ನು ಕಾಯಬಲ್ಲ ಎಂಬ ಹೆಮ್ಮೆ ಪ್ರೇಕ್ಷಕನಿಗೆ ತಟ್ಟಿತು. ಗಾಜನೂರಿನ ಮುತ್ತುರಾಜನೇ ಬೇರೊಂದು ಹೆಸರಿನಲ್ಲಿ ನಾಡಿಗೆ ಪರಿಚಿತನಾದವನು ಎಂಬುದನ್ನು ಇಲ್ಲಿ ನೆನೆಯಬಹುದು. ಚಿತ್ರಗಳ ಶೀರ್ಷಿಕೆಯನ್ನು ಗಮನಿಸಿದರೆ ಇನ್ನೂ ಒಂದು ಸಂಗತಿ ಕಾಣುತ್ತದೆ. ಗುಟ್ಟಾಗಿರಬೇಕಾದ ಸಂಖ್ಯೆ ಗೋಡೆಯ ಮೇಲಿನ ಪೋಸ್ಟರಿನಲ್ಲಿ ದಪ್ಪ ಅಕ್ಷರದಲ್ಲಿದೆ, ಆತ ಎಲ್ಲಿದ್ದಾನೆ ಎಂಬುದೂ ಅದರಲ್ಲೇ ಇದೆ. 1961ರ ಡಿಸೆಂಬರಿನಲ್ಲಷ್ಟೇ ಪೋರ್ಚುಗೀಸರಿಂದ ಬಿಡುಗಡೆಯಾಗಿದ್ದ ಗೋವಾ ಆಗಿನ ಕನ್ನಡಿಗರಿಗೆ ಪಕ್ಕದಲ್ಲೇ ಇದ್ದ ಪರದೇಶದಂತಿತ್ತು. ‘ಗೋವಾದಲ್ಲಿ’ ಎಂಬ ಒಂದು ಪದ ಸಾಹಸದ ಭರವಸೆ ಕೊಡಲು ಸಾಕಾಗಿತ್ತು.

ಸಿಐಡಿ ಎಂಬ ಮಾತೂ ಕಾಲದ ಗುರುತೇ. ನಿಜದಲ್ಲಿ ಅದು ರಾಜ್ಯ ಪೊಲೀಸರ ಅಪರಾಧ ತನಿಖಾ ವಿಭಾಗ. ವಿದೇಶಗಳಲ್ಲಿ ಬೇಹುಗಾರಿಕೆ ನಡೆಸುವುದು ಅದರ ಕೆಲಸವಲ್ಲ. ಆದರೆ ‘ಜೇಡರ ಬಲೆ’ಯ ಚಿತ್ರೀಕರಣದ ಹೊತ್ತಿಗೆ ಭಾರತಕ್ಕೆ ಅದಕ್ಕೆಂದೇ ಪ್ರತ್ಯೇಕ ಸಂಸ್ಥೆ ಇರಲಿಲ್ಲ. ರಾಮೇಶ್ವರನಾಥ್ ಕಾವ್ ಅವರ ಮುಂದಾಳತ್ವದಲ್ಲಿ ದೆಹಲಿಯಲ್ಲಿ ‘ರಾ’ ಹುಟ್ಟಿದ್ದು 1968ರ ಸೆಪ್ಟೆಂಬರ್ 21ರಂದು. ಜನರಿಗೆ ಗೊತ್ತಿದ್ದ ಗುಟ್ಟಿನ ಪೊಲೀಸ್ ಎಂದರೆ ಸಿಐಡಿ. ಮಲಯಾಳಂನಲ್ಲಿ ‘ಸಿಐಡಿ ನಸೀರ್’, ತಮಿಳಿನಲ್ಲಿ ‘ಸಿಐಡಿ ಶಂಕರ್’, ಕನ್ನಡದಲ್ಲೇ ಮುಂದೆ ‘ಸಿಐಡಿ ರಾಜಣ್ಣ’ ಬಂದದ್ದಕ್ಕೂ ಕಾರಣ ಇದೇ. ಜಾಕ್‌ಪಾಟ್ ಚಿತ್ರದ ವಿಷಯದಲ್ಲಿ ಒಂದು ಕಾಕತಾಳೀಯವೂ ಇದೆ. ಚಿತ್ರ ಬಂದ ಎರಡು ವರ್ಷಕ್ಕೆ, 1971ರ ಬಾಂಗ್ಲಾ ವಿಮೋಚನೆಯ ಹೋರಾಟದಲ್ಲಿ, ಭಾರತ ಮುಕ್ತಿವಾಹಿನಿಗೆ ನೆರವಾದ ಕಾರ್ಯಾಚರಣೆಯ ಹೆಸರೂ ಆಪರೇಷನ್ ಜಾಕ್‌ಪಾಟ್. ಆಗಸ್ಟ್ 15ರ ನಡುರಾತ್ರಿ ಬಂಗಾಳಿ ಈಜುಗಾರರು ಪೂರ್ವ ಪಾಕಿಸ್ತಾನದ ಬಂದರುಗಳ ಹಡಗುಗಳಿಗೆ ಸಿಡಿಮದ್ದು ಅಂಟಿಸಿದರು. ಸಿದ್ಧರಾಗಿ, ಹೊರಡಿ ಎಂಬ ಎರಡು ಸೂಚನೆಗಳು ಅವರಿಗೆ ತಲುಪಿದ್ದು ಆಕಾಶವಾಣಿಯ ಕಲ್ಕತ್ತಾ ಕೇಂದ್ರ ಬಿತ್ತರಿಸಿದ ಎರಡು ಬಂಗಾಳಿ ಹಾಡುಗಳ ರೂಪದಲ್ಲಿ. ಲಕ್ಷಾಂತರ ಮಂದಿ ಕೇಳಿದ ಹಾಡು ಕೆಲವರಿಗೆ ಮಾತ್ರ ಆಜ್ಞೆಯಾಗಿತ್ತು. ಸೈರಂಧ್ರಿಯ ಕೂಗಿನ ತಂತ್ರವೂ ಇದೇ ತಾನೆ.

ನೆರೆಯ ಭಾಷೆಗಳ ಅಂಕಿಗಳೂ ಕಡಿಮೆಯೇನಲ್ಲ. ತೆಲುಗಿನಲ್ಲಿ ಕೃಷ್ಣ ನಟಿಸಿದ ‘ಗೂಢಚಾರಿ 116’ (1966) ಮರುವರ್ಷವೇ ಜಿತೇಂದ್ರರ ‘ಫರ್ಜ್’ ಆಗಿ ಹಿಂದಿಗೆ ಹೋಯಿತು. 1979ರ ‘ಸುರಕ್ಷಾ’ದಲ್ಲಿ ಮಿಥುನ್ ಚಕ್ರವರ್ತಿ ಗನ್‌ಮಾಸ್ಟರ್ ಜಿ-9. ಇವರೆಲ್ಲರಿಗಿಂತ ಜಾಣತನದಿಂದ ಅಂಕಿಯನ್ನು ಬಳಸಿದವನು ಉರ್ದು ಕಾದಂಬರಿಕಾರ ಇಬ್ನೆ ಸಫಿ. 1955ರಲ್ಲಿ ಆರಂಭವಾದ ಅವನ ಇಮ್ರಾನ್ ಮಾಲೆಯಲ್ಲಿ ಗುಪ್ತಚರ ದಳದ ಮುಖ್ಯಸ್ಥ ಎಕ್ಸ್-ಟು. ಫೋನಿನಲ್ಲಿ ಅವನ ದನಿ ಕೇಳಿದರೆ ದಳದವರು ನಡುಗುತ್ತಾರೆ. ಅವರೇ ದಿನವೂ ಪೆದ್ದನೆಂದು ಆಡಿಕೊಳ್ಳುವ ಇಮ್ರಾನನೇ ಆ ಎಕ್ಸ್-ಟು ಎಂಬುದು ಓದುಗನಿಗೆ ಗೊತ್ತು, ಅವರಿಗೆ ಗೊತ್ತಿಲ್ಲ. ನೂರಾರು ಪುಟಗಳ ರಸ ಹುಟ್ಟುವುದು ಈ ಒಂದು ಗುಟ್ಟಿನಿಂದ.

ಕನ್ನಡದ ಪತ್ತೇದಾರಿ ಕಾದಂಬರಿ ಮಾತ್ರ ಅಂಕಿಯ ಹಂಗಿಗೆ ಹೋಗಲಿಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ವೇಷ ಬದಲಿಸಿದರೂ ಓದುಗರಿಗೆ ಪುರುಷೋತ್ತಮನೇ. ಎಚ್.ಕೆ. ಅನಂತರಾವ್ ಅವರ ‘ಅಂತ’ ಕಾದಂಬರಿ ಇನ್ನೊಂದು ಹಾದಿ ಹಿಡಿಯಿತು. ‘ಸುಧಾ’ದಲ್ಲಿ ಧಾರಾವಾಹಿಯಾಗಿ ಬಂದು 1981ರಲ್ಲಿ ರಾಜೇಂದ್ರಸಿಂಗ್ ಬಾಬು ಕೈಯಲ್ಲಿ ಸಿನಿಮಾ ಆದ ಈ ಕಥೆಯಲ್ಲಿ ಇನ್‌ಸ್ಪೆಕ್ಟರ್ ಸುಶೀಲ್‌ಕುಮಾರ್ ತನ್ನನ್ನೇ ಹೋಲುವ ಪಾತಕಿ ಕನ್ವರ್‌ಲಾಲ್‌ನ ಹೆಸರು ಹೊತ್ತು ದುಷ್ಟರ ಕೂಟಕ್ಕೆ ನುಗ್ಗುತ್ತಾನೆ. ಇದು ಸೋಗಿನ ಹೆಸರು. ಆದರೆ ಅದನ್ನು ಉಳಿಸಿಕೊಳ್ಳುವುದಕ್ಕೆ ಅವನು ತೆರುವ ಬೆಲೆ ಎಷ್ಟು ಘೋರವೆಂದರೆ, ಪ್ರೇಕ್ಷಕರ ನೆನಪಿನಲ್ಲಿ ಸುಶೀಲ್‌ಕುಮಾರ್ ಹಿಂದೆ ಸರಿದು ಕನ್ವರ್‌ಲಾಲ್ ಉಳಿದುಬಿಟ್ಟ. ಅಂಬರೀಷ್ ಹೆಸರು ಬಂದಾಗ ಆ ಹೆಸರೂ ಜೊತೆಗೇ ಬರುತ್ತದೆ.

ನಿಜದ ಜಗತ್ತಿನಲ್ಲಿ ಇಂಥ ತುಂಬು ಅರ್ಥದ ಹೆಸರುಗಳು ಅಪಾಯಕಾರಿ. 1940ರಲ್ಲಿ ಜರ್ಮನರು ಬಾಂಬರ್ ವಿಮಾನಗಳಿಗೆ ದಾರಿ ತೋರುವ ಹೊಸ ರೇಡಿಯೊ ವ್ಯವಸ್ಥೆಗೆ ‘ವೋಟಾನ್’ ಎಂದು ಹೆಸರಿಟ್ಟರು. ವೋಟಾನ್ ಅವರ ಪುರಾಣದ ಒಕ್ಕಣ್ಣಿನ ದೇವತೆ. ಆ ಹೆಸರು ಕಿವಿಗೆ ಬೀಳುತ್ತಲೇ ಬ್ರಿಟಿಷ್ ವಿಜ್ಞಾನಿ ಆರ್.ವಿ. ಜೋನ್ಸ್ ಇದು ಒಂದೇ ಕಿರಣದಿಂದ ನಡೆಯುವ ವ್ಯವಸ್ಥೆ ಎಂದು ಊಹಿಸಿದ, ಊಹೆ ನಿಜವಾಯಿತು. 1943ರಲ್ಲಿ ಚರ್ಚಿಲ್ ಕಾರ್ಯಾಚರಣೆಗಳ ಹೆಸರಿನ ಕುರಿತು ಒಂದು ಟಿಪ್ಪಣಿ ಬರೆಸಿದ. ಹೆಸರು ಜಂಭದ್ದಾಗಬಾರದು, ಯೋಜನೆಯ ಸುಳಿವು ಕೊಡಬಾರದು, ಹಗುರವೂ ಆಗಬಾರದು, ಏಕೆಂದರೆ ಯಾವ ತಾಯಿಗೂ ತನ್ನ ಮಗ ಕೆಲಸಕ್ಕೆ ಬಾರದ ಹೆಸರಿನ ದಾಳಿಯಲ್ಲಿ ಸತ್ತನೆಂದು ಹೇಳಿಕೊಳ್ಳುವ ಸ್ಥಿತಿ ಬರಬಾರದು ಎಂಬುದು ಅದರ ಸಾರ. ಹೆಸರು ಯಾರದೋ ಮಗನ ಸಾವಿಗೆ ಅಂಟಿಕೊಳ್ಳುತ್ತದೆ ಎಂಬ ಈ ಎಚ್ಚರ ಕಥೆಗಾರರಲ್ಲೂ ಇರಬೇಕಾದದ್ದು.

ಅಂಥ ಒಂದು ಹೆಸರಿನ ನೆನಪು ದೆಹಲಿಯಲ್ಲಿದೆ, ಅದರ ಬೇರು ಮೈಸೂರಿನಲ್ಲಿದೆ.  ನಿಜಾಮುದ್ದೀನ್‌ನ ಹಳೆಯ ಬಸ್ತಿಯಲ್ಲಿ, ಪ್ರಸಿದ್ಧ ದರ್ಗಾದಿಂದ ಸ್ವಲ್ಪ ದೂರದಲ್ಲಿ, ಹಜರತ್ ಇನಾಯತ್ ಖಾನ್ ಅವರ ಸಮಾಧಿಯಿದೆ. ಬರೋಡಾದ ಸಂಗೀತಗಾರರ ಮನೆತನದ ಈ ಸೂಫಿ ಗುರು 1927ರಲ್ಲಿ ದೆಹಲಿಯಲ್ಲಿ ತೀರಿಕೊಂಡರು. ತಾಯಿಯ ಕಡೆಯಿಂದ ಅವರು ಟಿಪ್ಪು ಸುಲ್ತಾನನ ವಂಶದವರು. ಅವರ ಹಿರಿಯ ಮಗಳು ನೂರ್ ಇನಾಯತ್ ಖಾನ್ ಪ್ಯಾರಿಸಿನಲ್ಲಿ ಬೆಳೆದು, ಮಕ್ಕಳಿಗಾಗಿ ಕಥೆ ಬರೆಯುತ್ತಿದ್ದವರು. 1939ರಲ್ಲಿ ಇಪ್ಪತ್ತು ಜಾತಕ ಕಥೆಗಳ ಪುಸ್ತಕ ತಂದರು.

ಯುದ್ಧ ಬಂದಾಗ ನೂರ್ ಬ್ರಿಟನ್ನಿನ ವಾಯುಪಡೆಯ ಮಹಿಳಾ ವಿಭಾಗಕ್ಕೆ ನೋರಾ ಬೇಕರ್ ಎಂಬ ಹೆಸರಿನಲ್ಲಿ ಸೇರಿದರು. ವಿಶೇಷ ಕಾರ್ಯಾಚರಣೆಯ ಗುಪ್ತ ಸಂಸ್ಥೆ ಅವರನ್ನು ವೈರ್‌ಲೆಸ್ ನಿರ್ವಾಹಕಿಯಾಗಿ 1943ರ ಜೂನ್‌ನಲ್ಲಿ ಫ್ರಾನ್ಸಿಗೆ ಇಳಿಸಿತು. ಆಗ ಅವರಿಗೆ ಮೂರು ಹೆಸರು. ಗುರುತಿನ ಚೀಟಿಯಲ್ಲಿ ಅವರು ಮಕ್ಕಳನ್ನು ನೋಡಿಕೊಳ್ಳುವ ಜ್ಯಾನ್‌ಮರೀ ರೆನ್ಯೆ. ಫ್ರಾನ್ಸಿನ ಸಂಗಾತಿಗಳಿಗೆ ಮ್ಯಾಡಲೀನ್. ಲಂಡನ್ನಿನ ಕಡತದಲ್ಲಿ ನರ್ಸ್. ಕೆಲವೇ ದಿನಗಳಲ್ಲಿ ಜಾಲದ ಇತರರು ಸಿಕ್ಕಿಬಿದ್ದರು. ಮರಳಿ ಬರಲು ಲಂಡನ್ ಹೇಳಿದರೂ ಪ್ಯಾರಿಸಿನ ಸಂಪರ್ಕದ ಎಳೆ ತನ್ನೊಬ್ಬಳ ಕೈಯಲ್ಲಿದೆ ಎಂದು ಅವರು ಒಪ್ಪಲಿಲ್ಲ. ಭಾರದ ವೈರ್‌ಲೆಸ್ ಪೆಟ್ಟಿಗೆಯನ್ನು ಹೊತ್ತು ಮನೆಯಿಂದ ಮನೆಗೆ ಜಾಗ ಬದಲಿಸುತ್ತ ಅಕ್ಟೋಬರ್‌ವರೆಗೆ ಸಂದೇಶ ಕಳುಹಿಸಿದರು. ಜರ್ಮನರು ಹುಡುಕುತ್ತಿದ್ದದ್ದು ಮ್ಯಾಡಲೀನ್ ಎಂಬ ಹೆಸರನ್ನು. ಹೆಸರು ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಕೊನೆಗೆ ವಿಶ್ವಾಸದ್ರೋಹದಿಂದ ಸಿಕ್ಕಿಬಿದ್ದರು. ಫೋರ್ಟ್ಸ್‌ಹೈಮ್ ಸೆರೆಮನೆಯಲ್ಲಿ ಸರಪಳಿ ಬಿಗಿದು ಒಂಟಿ ಕೋಣೆಯಲ್ಲಿಟ್ಟಾಗ ಅವರು ಊಟದ ಲೋಟದ ತಳದಲ್ಲಿ ಮಾತು ಗೀಚಿ ಬೇರೆ ಕೈದಿಗಳಿಗೆ ಕಳುಹಿಸುತ್ತಿದ್ದರು. ಅಲ್ಲಿಯೂ ಹಾಕುತ್ತಿದ್ದ ಹೆಸರು ನೋರಾ ಬೇಕರ್. 1944ರ ಸೆಪ್ಟೆಂಬರ್ 13ರಂದು ದಾಖೌ ಶಿಬಿರದಲ್ಲಿ ಅವರನ್ನು ಕೊಂದರು. ಇಷ್ಟೊಂದು ಹೆಸರುಗಳ ನಡುವೆ ಅವರು ಎಲ್ಲಿ ಸತ್ತರೆಂಬುದೂ ಯುದ್ಧ ಮುಗಿದ ಮೇಲೆ ಕೆಲಕಾಲ ಕಲಸಿಹೋಗಿತ್ತು. ಬೇರೊಂದು ಶಿಬಿರದಲ್ಲಿ ಬಲಿಯಾದ ಇನ್ನೊಬ್ಬ ಹೆಣ್ಣುಮಗಳನ್ನೇ ನೂರ್ ಎಂದು ತಪ್ಪಾಗಿ ತಿಳಿಯಲಾಗಿತ್ತು. 1949ರಲ್ಲಿ ಜಾರ್ಜ್ ಕ್ರಾಸ್ ಗೌರವ ಸಂದಿತು. ಲಂಡನ್ನಿನಲ್ಲಿ ಅವರು ತಂಗಿದ್ದ ಮನೆಗೆ 2020ರಲ್ಲಿ ಹಾಕಿದ ಫಲಕದ ಮೇಲೆ ನೂರ್ ಮತ್ತು ಮ್ಯಾಡಲೀನ್, ಎರಡೂ ಹೆಸರುಗಳಿವೆ.

ಗುಪ್ತಚರ ಕೆಲಸವನ್ನು ಒಳಗಿನಿಂದ ಕಂಡ ಲೇಖಕರ ಕಾದಂಬರಿಗಳಲ್ಲಿ ಹೆಸರಿನ ಬೆಡಗು ಕಡಿಮೆಯಾಗಿ ಅದರ ಭಾರ ಹೆಚ್ಚುತ್ತದೆ. ಬ್ರಿಟಿಷ್ ಗುಪ್ತಚರ ಸೇವೆಯಲ್ಲಿದ್ದ ಡೇವಿಡ್ ಕಾರ್ನ್‌ವೆಲ್ ಸ್ವಂತ ಹೆಸರಿನಲ್ಲಿ ಬರೆಯುವಂತಿರಲಿಲ್ಲವಾಗಿ ಜಾನ್ ಲ ಕಾರೆ ಆದ. 1974ರ ‘ಟಿಂಕರ್ ಟೇಲರ್ ಸೋಲ್ಜರ್ ಸ್ಪೈ’ ಕಾದಂಬರಿಯಲ್ಲಿ ಸಂಸ್ಥೆಯ ಮುದುಕ ಮುಖ್ಯಸ್ಥ ತನ್ನ ಆಪ್ತರಲ್ಲೇ ಒಬ್ಬ ದ್ರೋಹಿಯೆಂದು ಶಂಕಿಸಿ, ಶಂಕಿತರಿಗೆ ಮಕ್ಕಳ ಪ್ರಾಸದ ಪದಗಳನ್ನು ಹಂಚುತ್ತಾನೆ. ಪ್ರಾಸದಲ್ಲಿರುವ ಸೇಲರ್ ಎಂಬ ಪದವನ್ನು ಮಾತ್ರ ಬಿಡುತ್ತಾನೆ. ಕೆಟ್ಟ ಟೆಲಿಫೋನ್ ಲೈನಿನಲ್ಲಿ ಅದು ಟೇಲರ್ ಎಂದು ಕೇಳಿಸಬಹುದು. ಕಸುಬು ಬಲ್ಲವನಿಗೆ ಮಾತ್ರ ಹೊಳೆಯುವ ಜಾಗ್ರತೆ ಅದು.

ಈಚಿನ ಹಿಂದಿ ಚಿತ್ರಗಳು ಅಂಕಿಯನ್ನು ಬಿಟ್ಟು ಬಿರುದಿಗೆ ಬಂದಿವೆ. 2012ರಲ್ಲಿ ಟೈಗರ್, 2023ರಲ್ಲಿ ಪಠಾಣ್. ಇವು ಗುಪ್ತನಾಮಗಳೆನ್ನುವುದಕ್ಕಿಂತ ತಾರೆಯ ಪ್ರಭೆಗೆ ಹೊಂದಿಸಿದ ಹೆಸರುಗಳು. ಇವಕ್ಕೆ ವಿರುದ್ಧವಾಗಿ ನಿಲ್ಲುವುದು ಹರಿಂದರ್ ಸಿಕ್ಕಾ ಅವರ 2008ರ ಕಾದಂಬರಿ ‘ಕಾಲಿಂಗ್ ಸೆಹಮತ್’ ಮತ್ತು ಅದನ್ನು ಆಧರಿಸಿದ 2018ರ ಮೇಘನಾ ಗುಲ್ಜಾರ್ ಚಿತ್ರ ‘ರಾಜಿ’. 1971ರ ಯುದ್ಧಕ್ಕೆ ಮುನ್ನ ಪಾಕಿಸ್ತಾನದ ಸೇನಾಧಿಕಾರಿಯೊಬ್ಬನನ್ನು ಮದುವೆಯಾಗಿ ಆ ಮನೆಯಿಂದ ಸುದ್ದಿ ಕಳುಹಿಸಿದ ಕಾಶ್ಮೀರಿ ಯುವತಿಯ ಕಥೆ ಇದು. ನಿಜಜೀವನದ ಒಬ್ಬ ಮಹಿಳೆಯನ್ನು ಆಧರಿಸಿದ್ದು ಎಂದು ಲೇಖಕರು ಹೇಳಿದ್ದಾರೆ. ಸೆಹಮತ್ ಎಂಬುದು ಆಕೆಗೆ ಅವರು ಕೊಟ್ಟ ಹೆಸರು. ನಿಜವಾದ ಹೆಸರನ್ನು ಅವರು ಬಹಿರಂಗಪಡಿಸಲಿಲ್ಲ.